ಮಗುವಿಗೆ ಕಾನೂನಿನ ಪಾಲಕರಾಗುವುದು ಹೇಗೆ: ದಕ್ಷಿಣ ಕನ್ನಡ, ಉಡುಪಿಯ ಕುಟುಂಬಗಳಿಗೊಂದು ಮಾರ್ಗದರ್ಶಿ

ಹೆತ್ತವರು ದುಬೈಯಲ್ಲೋ ಮುಂಬಯಿಯಲ್ಲೋ ದುಡಿಯುತ್ತಿರುವಾಗ ಮಕ್ಕಳು ಊರಿನಲ್ಲಿ ಅಜ್ಜಿಯ ಬಳಿ ಬೆಳೆಯುವುದು ಮಂಗಳೂರು, ಉಡುಪಿಯ ಕಡೆ ಹೊಸ ಸಂಗತಿಯಲ್ಲ. ಹೆತ್ತವರು ತೀರಿಕೊಂಡರೆ ಸೋದರಮಾವನೋ ಚಿಕ್ಕಮ್ಮನೋ ಮಕ್ಕಳನ್ನು ತಮ್ಮ ಮನೆಗೆ ಕರೆದೊಯ್ಯುತ್ತಾರೆ. ಉತ್ತರಕ್ರಿಯೆಯ ದಿನ ಹಿರಿಯರು ಚಾವಡಿಯಲ್ಲಿ ಕುಳಿತು ಮಾತನಾಡಿಕೊಂಡರೆ ಅಲ್ಲಿಗೆ ಆ ವಿಚಾರ ಮುಗಿಯುತ್ತದೆ. ಮಗುವನ್ನು ಊಟ, ಬಟ್ಟೆ, ಶಾಲೆಗೆ ಕೊರತೆಯಾಗದಂತೆ ಸಾಕಲು ಅಷ್ಟು ಸಾಕು. ಆದರೆ ಮಗುವಿನ ಪರವಾಗಿ ಸಹಿ ಹಾಕುವ ಅಧಿಕಾರವು ಚಾವಡಿಯ ಮಾತಿನಿಂದ ಬರುವುದಿಲ್ಲ ಎಂಬುದು ವಿಮೆಯ ಹಣ ಬಿಡಿಸಲು ಹೋದಾಗ, ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿದಾಗ, ಅಥವಾ ಮಗುವಿನ ಪಾಲಿಗೆ ಬಂದ ಜಾಗದ ವಿಚಾರದಲ್ಲಿ ಉಪನೋಂದಣಿ ಕಚೇರಿಯ ಮೆಟ್ಟಿಲು ಹತ್ತಿದಾಗ ಮಾತ್ರ ಅರಿವಿಗೆ ಬರುತ್ತದೆ. ಆ ಹಂತಕ್ಕೆ ಬರುವ ಮೊದಲೇ ಏನು ಮಾಡಬೇಕು, ಯಾವ ಕಚೇರಿಗೆ ಹೋಗಬೇಕು, ಸರಕಾರ ಮತ್ತು ನ್ಯಾಯಾಲಯಗಳು ಇದರಲ್ಲಿ ಎಲ್ಲಿ ಕೈ ಹಾಕುತ್ತವೆ ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಮೊದಲ ಹೆಜ್ಜೆ: ನಿಮಗೆ ನ್ಯಾಯಾಲಯ ನಿಜವಾಗಿ ಬೇಕೇ ಎಂದು ನೋಡಿಕೊಳ್ಳಿ

ಕಾನೂನಿನ ಕಣ್ಣಿನಲ್ಲಿ 18 ವರ್ಷ ತುಂಬದವರೆಲ್ಲ ಅಪ್ರಾಪ್ತ ವಯಸ್ಕರು. ಅವರಿಗೆ ಪಾಲಕರು ಯಾರು ಎಂಬುದನ್ನು ಎರಡು ಕಾಯ್ದೆಗಳು ಮುಖ್ಯವಾಗಿ ಹೇಳುತ್ತವೆ. 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯು ಹಿಂದೂ, ಬೌದ್ಧ, ಜೈನ, ಸಿಖ್ ಕುಟುಂಬಗಳಿಗೆ ಅದರ ಜೊತೆಗೆ ಅನ್ವಯಿಸುತ್ತದೆ.

ಹಿಂದೂ ಮಗುವಿಗೆ ತಂದೆ, ಅವನ ನಂತರ ತಾಯಿ ಸಹಜ ಪಾಲಕರು. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಸುಪರ್ದಿಯಲ್ಲಿರಬೇಕು. ತಂದೆ ಬದುಕಿರುವವರೆಗೆ ತಾಯಿಯ ಸಹಿಗೆ ಬೆಲೆಯಿಲ್ಲ ಎಂದು ಈಗಲೂ ಕೆಲವು ಕಚೇರಿಗಳ ಕೌಂಟರಿನಲ್ಲಿ ಹೇಳುವುದುಂಟು. ಗೀತಾ ಹರಿಹರನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿಯೇ ಈ ಮಾತನ್ನು ತಳ್ಳಿಹಾಕಿದ್ದು, ತಂದೆ ಬದುಕಿದ್ದರೂ ಮಗುವಿನ ಹೊಣೆಯಿಂದ ದೂರವಿದ್ದರೆ ತಾಯಿಯೇ ಸಹಜ ಪಾಲಕಿಯಾಗಿ ನಡೆದುಕೊಳ್ಳಬಹುದು ಎಂದು ಹೇಳಿದೆ. ಮದುವೆಯಾಗದ ತಾಯಿ ತನ್ನನ್ನು ಪಾಲಕಿಯೆಂದು ನೇಮಿಸುವಂತೆ ಅರ್ಜಿ ಹಾಕಿದಾಗ ಮಗುವಿನ ತಂದೆಗೆ ನೋಟಿಸು ಕಡ್ಡಾಯವಲ್ಲ ಎಂದು ಅದೇ ನ್ಯಾಯಾಲಯ 2015ರಲ್ಲಿ ತೀರ್ಪು ನೀಡಿತು.

ಆದ್ದರಿಂದ ತಂದೆ ತಾಯಿಯರಲ್ಲಿ ಒಬ್ಬರಾದರೂ ಬದುಕಿದ್ದು, ಮಗುವನ್ನು ನೋಡಿಕೊಳ್ಳಲು ಸಮರ್ಥರಾಗಿದ್ದರೆ ಮಗುವಿನ ಮೇಲಿನ ಪಾಲಕತ್ವಕ್ಕಾಗಿ ಸಾಮಾನ್ಯವಾಗಿ ಯಾರೂ ನ್ಯಾಯಾಲಯಕ್ಕೆ ಹೋಗಬೇಕಾಗಿಲ್ಲ. ಹೋದರೂ, ತಂದೆಯಾಗಲಿ ತಾಯಿಯಾಗಲಿ ಅನರ್ಹರೆಂದು ಮನವರಿಕೆಯಾಗದ ಹೊರತು 1890ರ ಕಾಯ್ದೆಯ 19ನೇ ಕಲಮಿನ ಪ್ರಕಾರ ನ್ಯಾಯಾಲಯ ಬೇರೊಬ್ಬರನ್ನು ನೇಮಿಸುವಂತಿಲ್ಲ. ಹೆತ್ತವರು ಗಲ್ಫ್‌ನಲ್ಲಿದ್ದು ಅಜ್ಜಿ ಶಾಲೆಯ ಅರ್ಜಿಗೆ, ಆಸ್ಪತ್ರೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾಗಿದೆ ಎಂದಾದರೆ, ಹೆತ್ತವರು ಬರೆದುಕೊಟ್ಟ, ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಅಧಿಕಾರ ಪತ್ರ ಸಾಮಾನ್ಯವಾಗಿ ಸಾಕಾಗುತ್ತದೆ. ಅದರಿಂದ ಅಜ್ಜಿ ಹೆತ್ತವರ ಪರವಾಗಿ ನಡೆದುಕೊಳ್ಳಬಹುದು, ಆದರೆ ಅವರು ಕಾನೂನಿನ ಪಾಲಕಿಯಾಗುವುದಿಲ್ಲ.

ಮುಸ್ಲಿಂ ಕುಟುಂಬಗಳ ವಿಚಾರವನ್ನು ಪ್ರತ್ಯೇಕವಾಗಿ ಹೇಳಲೇಬೇಕು, ಏಕೆಂದರೆ ಇಲ್ಲಿ ವಿಧವೆಯಾದ ತಾಯಂದಿರು ಎಡವುವುದು ಹೆಚ್ಚು. ಎಳೆಯ ಮಗುವಿನ ಪಾಲನೆ ತಾಯಿಯ ಹಕ್ಕು ನಿಜ. ಆದರೆ ಮಗುವಿನ ಆಸ್ತಿಗೆ ಪಾಲಕರು ತಂದೆ, ತಂದೆ ಉಯಿಲಿನಲ್ಲಿ ನೇಮಿಸಿದವರು, ತಂದೆಯ ತಂದೆ, ಅವರು ಉಯಿಲಿನಲ್ಲಿ ನೇಮಿಸಿದವರು, ಹೀಗೆ ಸಾಗುತ್ತದೆ. ಈ ಸಾಲಿನಲ್ಲಿ ತಾಯಿ ತಾನಾಗಿಯೇ ಬರುವುದಿಲ್ಲ. ಸುಪರ್ದಿ ಮಾತ್ರ ಇರುವ ವ್ಯಕ್ತಿ ಮಾಡಿದ ಸ್ಥಿರಾಸ್ತಿಯ ಮಾರಾಟ ಮಗುವನ್ನು ಕಟ್ಟಿಹಾಕುವುದಿಲ್ಲ ಎಂದು ಆಗ ಭಾರತದ ಮೊಕದ್ದಮೆಗಳಿಗೆ ಅತ್ಯುನ್ನತ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1918ರಲ್ಲಿ ಹೇಳಿದ ಮಾತು ಇಂದಿಗೂ ನಿಂತಿದೆ. ಆದ್ದರಿಂದ ಬ್ಯಾರಿ ಕುಟುಂಬದ ವಿಧವೆ ತಾಯಿ ಮಕ್ಕಳ ಹೆಸರಿನ ಜಾಗವನ್ನು ನಿಭಾಯಿಸಬೇಕಾದರೆ ನ್ಯಾಯಾಲಯದಿಂದ ಆಸ್ತಿಯ ಪಾಲಕಿಯಾಗಿ ನೇಮಕಗೊಳ್ಳುವುದೇ ಸರಿಯಾದ ದಾರಿ. ಕ್ರೈಸ್ತರಿಗೆ ಇದಕ್ಕೆಂದೇ ಪ್ರತ್ಯೇಕ ಕಾಯ್ದೆಯಿಲ್ಲ, 1890ರ ಕಾಯ್ದೆಯೇ ಅವರಿಗೆ ಆಧಾರ.

ಸೋದರಮಾವನ ಪ್ರಶ್ನೆ

ತುಳುನಾಡಿನಲ್ಲಿ ಈ ವಿಷಯ ಎತ್ತಿದಾಗ ಎದುರಾಗುವ ಮೊದಲ ಮಾತು, ‘ನಮ್ಮಲ್ಲಿ ಮಾವನೇ ಯಜಮಾನರಲ್ಲವೇ?’ ಎಂಬುದು. ವಂಶವೂ ಆಸ್ತಿಯೂ ತಾಯಿಯ ಕಡೆಯಿಂದ ಸಾಗುವ ಅಳಿಯಸಂತಾನ ಕಟ್ಟಿನ ಕುಟುಂಬಗಳಲ್ಲಿ ಕುಟುಂಬದ ಆಸ್ತಿಯ ಆಡಳಿತ ಹಿರಿಯ ಸದಸ್ಯರಾದ ಯಜಮಾನ ಅಥವಾ ಯಜಮಾನ್ತಿಯ ಕೈಯಲ್ಲಿತ್ತು. ಈ ಪ್ರದೇಶ ಮದ್ರಾಸ್ ಆಡಳಿತದಲ್ಲಿದ್ದಾಗ 1949ರಲ್ಲಿ ಬಂದ ಅಳಿಯಸಂತಾನ ಕಾಯ್ದೆಯೂ ಅದನ್ನು ಒಪ್ಪಿಕೊಂಡಿತ್ತು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗುವಿಗೆ ಇರುವ ಪಾಲು ಕುಟುಂಬದ ವಯಸ್ಕರೊಬ್ಬರ ಆಡಳಿತದಲ್ಲಿದ್ದರೆ ಆ ಪಾಲಿಗೆ ಪ್ರತ್ಯೇಕ ಪಾಲಕರನ್ನು ನೇಮಿಸುವಂತಿಲ್ಲ ಎಂದು 1956ರ ಕಾಯ್ದೆಯ 12ನೇ ಕಲಮು ಹೇಳುತ್ತದೆ. ಹೈಕೋರ್ಟಿನ ಅಧಿಕಾರವನ್ನು ಮಾತ್ರ ಅದು ಉಳಿಸಿಕೊಂಡಿದೆ.

ಆದರೆ ಇದು ಕುಟುಂಬದ ಆಸ್ತಿಯ ಮಾತಾಯಿತು. ಮಗುವಿನ ತಂದೆ ಸ್ವಂತ ದುಡಿಮೆಯಿಂದ ಕೊಂಡ ಜಾಗ, ಅವರ ವಿಮೆ, ಭವಿಷ್ಯನಿಧಿ, ಗಲ್ಫ್‌ನ ಕಂಪೆನಿಯಿಂದ ಬರಬೇಕಾದ ಬಾಕಿ, ಇವುಗಳಿಗೂ ಯಜಮಾನಿಕೆಗೂ ಸಂಬಂಧವಿಲ್ಲ. ಮಗುವಿನ ಮೇಲಿನ ಪಾಲಕತ್ವಕ್ಕಂತೂ ಇಲ್ಲವೇ ಇಲ್ಲ. ಸಹಜ ಪಾಲಕರ ಪಟ್ಟಿಯಲ್ಲಿ ಸೋದರಮಾವನಾಗಲಿ, ಅಜ್ಜ ಅಜ್ಜಿಯರಾಗಲಿ, ಚಿಕ್ಕಪ್ಪ ದೊಡ್ಡಪ್ಪಂದಿರಾಗಲಿ ಬರುವುದಿಲ್ಲ. ನ್ಯಾಯಾಲಯದ ನೇಮಕವಿಲ್ಲದೆ, ಮಗುವನ್ನು ಸಾಕುತ್ತಿದ್ದೇನೆ ಎಂಬ ಒಂದೇ ಕಾರಣಕ್ಕೆ ಯಾರೂ ಹಿಂದೂ ಮಗುವಿನ ಆಸ್ತಿಯನ್ನು ವಿಲೇವಾರಿ ಮಾಡುವಂತಿಲ್ಲ ಎಂದು 1956ರ ಕಾಯ್ದೆಯ 11ನೇ ಕಲಮು ನೇರವಾಗಿಯೇ ಹೇಳುತ್ತದೆ. ಮಾವನ ಪ್ರೀತಿಯನ್ನು ಕಾನೂನು ಅನುಮಾನಿಸುವುದಿಲ್ಲ. ಹಾಗಾಗಿಯೇ ಮಾವನಿಗೂ ಅರ್ಜಿ ಹಾಕುವ ಹಕ್ಕನ್ನು ಅದು ಕೊಟ್ಟಿದೆ. ಸಂಬಂಧಿಕರು, ಮಗುವಿನ ಹಿತೈಷಿಯಾದ ಸ್ನೇಹಿತರು, ಅಷ್ಟೇ ಏಕೆ, ಜಿಲ್ಲಾಧಿಕಾರಿಯವರೂ ಅರ್ಜಿ ಹಾಕಬಹುದು.

ಇಲ್ಲಿಯೇ ಇನ್ನೊಂದು ಮಾತು. ಇನ್ನೂರು ರೂಪಾಯಿಯ ಸ್ಟ್ಯಾಂಪ್ ಕಾಗದದ ಮೇಲೆ ‘ಇಂದಿನಿಂದ ಮಗುವಿನ ಸಂಪೂರ್ಣ ಜವಾಬ್ದಾರಿ ನನ್ನದು’ ಎಂದು ಬರೆಸಿ, ನೋಟರಿಯ ಮೊಹರು ಹಾಕಿಸಿ, ಅದನ್ನೇ ಪಾಲಕತ್ವದ ದಾಖಲೆಯೆಂದು ಕಡತದಲ್ಲಿ ಜೋಪಾನವಾಗಿಡುವವರು ಬಹಳ ಮಂದಿ. ಹಾಗೆ ಹೇಳಿದವರು ಯಾರು, ಯಾವ ದಿನ ಹೇಳಿದರು ಎಂಬುದಕ್ಕೆ ಆ ಕಾಗದ ಸಾಕ್ಷಿ. ಅದರಿಂದ ಪಾಲಕತ್ವ ಹುಟ್ಟುವುದಿಲ್ಲ.

ಎರಡನೆಯ ಹೆಜ್ಜೆ: ಯಾವ ಬಾಗಿಲು ತಟ್ಟಬೇಕು ಎಂದು ನಿರ್ಧರಿಸಿ

ನಿಮ್ಮ ಮುಂದೆ ಮೂರು ಬಾಗಿಲುಗಳಿವೆ. ಮಗು ಯಾರೂ ಇಲ್ಲದ ಸ್ಥಿತಿಯಲ್ಲಿದ್ದರೆ, ಅಥವಾ ಇರುವವರು ನೋಡಿಕೊಳ್ಳಲಾರದವರಾಗಿದ್ದರೆ, ಇಲ್ಲವೇ ಹಿಂಸಿಸುವವರಾಗಿದ್ದರೆ ಮಕ್ಕಳ ಕಲ್ಯಾಣ ಸಮಿತಿಗೆ ಹೋಗಬೇಕು. ಸಂಬಂಧಿಕರು ಮಗುವನ್ನು ಸಾಕುತ್ತಿದ್ದು, ಮಗುವಿನ ಮೇಲಿನ ಪಾಲಕತ್ವ ಅಥವಾ ಸುಪರ್ದಿ ಬೇಕಿದ್ದರೆ ಕುಟುಂಬ ನ್ಯಾಯಾಲಯಕ್ಕೆ ಹೋಗಬೇಕು. 1984ರ ಕುಟುಂಬ ನ್ಯಾಯಾಲಯ ಕಾಯ್ದೆ ಆ ಅಧಿಕಾರವನ್ನು ಅದಕ್ಕೆ ವಹಿಸಿದೆ. ಮಗುವಿನ ಆಸ್ತಿಯ ಪಾಲಕತ್ವ ಬೇಕಿದ್ದರೆ, ಅಥವಾ ಆಸ್ತಿ ಮಾರಲು ಅನುಮತಿ ಬೇಕಿದ್ದರೆ ಜಿಲ್ಲಾ ನ್ಯಾಯಾಲಯ. ಒಂದೇ ಅರ್ಜಿಯಲ್ಲಿ ಎಲ್ಲವನ್ನೂ ಕೇಳಿ, ಅರ್ಧ ವಿಚಾರಣೆ ಮುಗಿದ ಮೇಲೆ ‘ಆಸ್ತಿಯ ಭಾಗ ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಕೇಳಿಸಿಕೊಳ್ಳುವುದಕ್ಕಿಂತ ವಕೀಲರೊಡನೆ ಇದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳುವುದು ಲೇಸು.

ಊರಿನ ಪ್ರಶ್ನೆಯೂ ಇದೆ. ಮಗುವಿನ ಮೇಲಿನ ಪಾಲಕತ್ವದ ಅರ್ಜಿಯನ್ನು ಮಗು ಸಾಮಾನ್ಯವಾಗಿ ವಾಸವಿರುವ ಸ್ಥಳದ ನ್ಯಾಯಾಲಯದಲ್ಲಿ ಹಾಕಬೇಕು. ಮುಂಬಯಿಯಲ್ಲಿ ಹುಟ್ಟಿ ಬೆಳೆದ ಮಗುವನ್ನು ಹೆತ್ತವರ ಮರಣದ ನಂತರ ಕಾರ್ಕಳಕ್ಕೆ ಕರೆತಂದಿದ್ದರೆ, ಮಗುವಿನ ವಾಸಸ್ಥಳ ಈಗ ಯಾವುದು? ಇದು ಆಯಾ ಸಂದರ್ಭದ ಸಂಗತಿಗಳನ್ನೂ ಉದ್ದೇಶವನ್ನೂ ನೋಡಿ ತೀರ್ಮಾನಿಸಬೇಕಾದ ಪ್ರಶ್ನೆಯೆಂದು ಸುಪ್ರೀಂ ಕೋರ್ಟ್ 2011ರ ರುಚಿ ಮಾಜೂ ಮೊಕದ್ದಮೆಯಲ್ಲಿ ಹೇಳಿದೆ. ಮಗುವನ್ನು ಇಲ್ಲಿನ ಶಾಲೆಗೆ ಸೇರಿಸಿದ ದಾಖಲೆ, ಪಡಿತರ ಚೀಟಿಯಲ್ಲಿ ಹೆಸರು ಸೇರಿಸಿದ್ದು, ಆಧಾರ್‌ನಲ್ಲಿ ವಿಳಾಸ ಬದಲಿಸಿದ್ದು, ಇಂಥವೆಲ್ಲ ಆಗ ಕೆಲಸಕ್ಕೆ ಬರುತ್ತವೆ. ಎದುರು ಪಕ್ಷದವರು ಬೇರೆ ಊರಿನಲ್ಲಿ ಮೊದಲೇ ಅರ್ಜಿ ಹಾಕಿಬಿಟ್ಟಿದ್ದರೆ ಅದನ್ನು ಮುಚ್ಚಿಟ್ಟು ಇಲ್ಲಿ ಅರ್ಜಿ ಹಾಕುವುದು ನಿಮಗೇ ಮುಳುವಾಗುತ್ತದೆ.

ಮಕ್ಕಳ ಕಲ್ಯಾಣ ಸಮಿತಿ ಏನು ಮಾಡುತ್ತದೆ

ಮಗುವಿನ ಹೊಣೆಯನ್ನು ಸರಕಾರ ನೇರವಾಗಿ ತನ್ನ ಕೈಗೆತ್ತಿಕೊಳ್ಳುವುದು ಇಲ್ಲಿ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲಿ ಇಂಥ ಸಮಿತಿ ಇರಬೇಕು. ಅದರಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು ಇರುತ್ತಾರೆ. ಸದಸ್ಯರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಪೀಠವಾಗಿ ಕುಳಿತಾಗ ಸಮಿತಿಗೆ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯ ಅಧಿಕಾರ ಇರುತ್ತದೆ. ಹೆತ್ತವರಿಂದ ಬೇರ್ಪಟ್ಟ, ದಿಕ್ಕಿಲ್ಲದ ಮಗು ಕಣ್ಣಿಗೆ ಬಿದ್ದರೆ ಯಾರೇ ಆಗಲಿ 24 ಗಂಟೆಯೊಳಗೆ 1098ಕ್ಕೆ, ಪೊಲೀಸರಿಗೆ, ಸಮಿತಿಗೆ ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸಬೇಕು. ಪ್ರಯಾಣದ ಸಮಯವನ್ನು ಬಿಟ್ಟು 24 ಗಂಟೆಯೊಳಗೆ ಮಗುವನ್ನು ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿಯ ಬೈಠಕ್ ಇಲ್ಲದ ದಿನವಾದರೆ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಿದರೂ ನಡೆಯುತ್ತದೆ.

ಸಮಿತಿಯ ಹೆಸರು ಕೇಳಿದರೇ ‘ಮಗುವನ್ನು ಅನಾಥಾಲಯಕ್ಕೆ ಹಾಕಿಬಿಡುತ್ತಾರೆ’ ಎಂದು ಹೆದರುವವರಿದ್ದಾರೆ. ಕಾಯ್ದೆಯ ಒಲವು ಇದಕ್ಕೆ ತದ್ವಿರುದ್ಧ. ಮಗು ಆದಷ್ಟೂ ತನ್ನ ಕುಟುಂಬದಲ್ಲಿ, ಅದಾಗದಿದ್ದರೆ ಕುಟುಂಬದಂಥ ವಾತಾವರಣದಲ್ಲಿ ಬೆಳೆಯಬೇಕು, ಸಂಸ್ಥೆ ಕೊನೆಯ ಆಯ್ಕೆ ಎಂಬುದು ಅದರ ಮೂಲತತ್ತ್ವಗಳಲ್ಲಿ ಒಂದು. ಸಮಿತಿ ಸಾಮಾಜಿಕ ತನಿಖಾ ವರದಿ ತರಿಸಿಕೊಂಡು, ಮಗುವನ್ನು ಹೆತ್ತವರಿಗೋ ಸಂಬಂಧಿಕರಿಗೋ ಮರಳಿ ಒಪ್ಪಿಸಬಹುದು, ಯೋಗ್ಯ ವ್ಯಕ್ತಿಯೊಬ್ಬರ ಆರೈಕೆಗೆ ಕೊಡಬಹುದು, ಪೋಷಕ ಕುಟುಂಬದಲ್ಲಿ ಇರಿಸಬಹುದು, ಪ್ರಾಯೋಜಕತ್ವದ ನೆರವಿಗೆ ಶಿಫಾರಸು ಮಾಡಬಹುದು. ಮೊದಲ ಹಾಜರಾತಿಯಿಂದ ನಾಲ್ಕು ತಿಂಗಳೊಳಗೆ ಅಂತಿಮ ಆದೇಶ ಬರಬೇಕು.

ಈ ಪ್ರಾಯೋಜಕತ್ವದ ಬಗ್ಗೆ ಅಜ್ಜ ಅಜ್ಜಿಯರಿಗೆ ಗೊತ್ತಿರುವುದಿಲ್ಲ, ಆದ್ದರಿಂದ ಹೇಳುತ್ತೇನೆ. ಮಿಷನ್ ವಾತ್ಸಲ್ಯ ಯೋಜನೆಯ 2022ರ ಮಾರ್ಗಸೂಚಿಯಂತೆ, ತಾಯಿ ವಿಧವೆಯಾಗಿರುವ ಅಥವಾ ಹೆತ್ತವರಿಬ್ಬರನ್ನೂ ಕಳೆದುಕೊಂಡು ಬಂಧುಗಳ ಮನೆಯಲ್ಲಿ ಬೆಳೆಯುತ್ತಿರುವ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವು ಸಿಗಬಹುದು. ಕುಟುಂಬದ ವಾರ್ಷಿಕ ಆದಾಯ ಹಳ್ಳಿಗಳಲ್ಲಿ 72,000, ಪೇಟೆಗಳಲ್ಲಿ 96,000 ರೂಪಾಯಿ ಮೀರಿರಬಾರದು. ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಡಬೇಕು. ನಿಮ್ಮ ಊರಿನ ಅಂಗನವಾಡಿ ಕಾರ್ಯಕರ್ತೆ ಅಲ್ಲಿಗೆ ದಾರಿ ತೋರಿಸಬಲ್ಲರು.

ಒಂದು ಎಚ್ಚರಿಕೆ. ಹೆರಿಗೆಯಾದ ಕೂಡಲೇ ಬೇಡವಾದ ಮಗುವನ್ನು ಮಕ್ಕಳಿಲ್ಲದ ದಂಪತಿಗೆ ‘ಒಳ್ಳೆಯ ಮನಸ್ಸಿನಿಂದ’ ದಾಟಿಸುವುದು, ಅದಕ್ಕೊಂದು ಪಾಲಕತ್ವದ ಕಾಗದ ಬರೆಸುವುದು ಅಪರಾಧ. ಅನಾಥ, ಪರಿತ್ಯಕ್ತ ಅಥವಾ ಒಪ್ಪಿಸಿದ ಮಗುವನ್ನು ಕಾಯ್ದೆಯ ಕ್ರಮ ಬಿಟ್ಟು ದತ್ತಕ್ಕೆ ಕೊಟ್ಟರೆ ಅಥವಾ ಪಡೆದರೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಹಣದ ವ್ಯವಹಾರವಿದ್ದರೆ ಸೆರೆವಾಸ ಐದು ವರ್ಷಗಳವರೆಗೆ. ತಾಯಿ ಮಗುವನ್ನು ಒಪ್ಪಿಸಬೇಕೆಂದಿದ್ದರೆ ಸಮಿತಿಯ ಮುಂದೆ ಒಪ್ಪಿಸಬಹುದು; ಮನಸ್ಸು ಬದಲಿಸಲು ಆಕೆಗೆ ಎರಡು ತಿಂಗಳ ಕಾಲಾವಕಾಶವಿದೆ. ಪಾಲಕತ್ವಕ್ಕೂ ದತ್ತಕಕ್ಕೂ ವ್ಯತ್ಯಾಸ ದೊಡ್ಡದು. ದತ್ತಕದಿಂದ ಮಗು ಹೊಸ ಮನೆಯ ಮಗುವಾಗಿ ಉತ್ತರಾಧಿಕಾರ ಪಡೆಯುತ್ತದೆ. ಪಾಲಕತ್ವವಾದರೆ 18 ತುಂಬಿದ ದಿನ ಮುಗಿಯುತ್ತದೆ, ಪಾಲಕರ ಆಸ್ತಿಯಲ್ಲಿ ಮಗುವಿಗೆ ಅದರಿಂದ ಯಾವ ಹಕ್ಕೂ ಬರುವುದಿಲ್ಲ. ದತ್ತಕದ ಆದೇಶವನ್ನು 2021ರ ತಿದ್ದುಪಡಿಯ ನಂತರ ಜಿಲ್ಲಾ ದಂಡಾಧಿಕಾರಿಗಳು ಹೊರಡಿಸುತ್ತಾರೆ.

ಮೂರನೆಯ ಹೆಜ್ಜೆ: ದಾಖಲೆಗಳನ್ನು ಹೊಂದಿಸಿ

ಮಗುವಿನ ಜನನ ಪ್ರಮಾಣಪತ್ರ, ಹೆತ್ತವರ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ, ಮಗು ಓದುತ್ತಿರುವ ಶಾಲೆಯ ದೃಢೀಕರಣ, ನಿಮ್ಮ ಆಧಾರ್ ಮತ್ತು ಆದಾಯದ ದಾಖಲೆ, ಆಸ್ತಿಯಿದ್ದರೆ ಪಹಣಿ, ಕ್ರಯಪತ್ರ, ಬ್ಯಾಂಕ್ ಮತ್ತು ವಿಮೆಯ ವಿವರ, ಇಷ್ಟು ಮೊದಲಿಗೆ ಬೇಕು. ಗಲ್ಫ್‌ನಲ್ಲಿ ಮರಣ ಸಂಭವಿಸಿದ್ದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಮರಣ ನೋಂದಣಿಯಾಗಿರುವುದನ್ನು ಖಚಿತಪಡಿಸಿಕೊಳ್ಳಿ.

ನಮ್ಮ ಕಡೆ ತೊಡಕಾಗುವುದು ಹೆಸರುಗಳಲ್ಲಿ. ಜನನ ಪತ್ರದಲ್ಲಿ ಬರೀ ಹೆಸರು, ಶಾಲೆಯಲ್ಲಿ ಅದರ ಜೊತೆ ಶೆಟ್ಟಿ ಅಥವಾ ಪೂಜಾರಿ, ತಂದೆಯ ಪಾಸ್‌ಪೋರ್ಟ್‌ನಲ್ಲಿ ಅಜ್ಜನ ಹೆಸರು ಸೇರಿ ಮೂರು ಪದ, ಪಹಣಿಯ 9ನೇ ಕಾಲಂನಲ್ಲಿ ಇನ್ನೊಂದು ಕಾಗುಣಿತ, ಹೀಗಿರುತ್ತದೆ. ಇವೆಲ್ಲ ಒಬ್ಬರದೇ ಹೆಸರೆಂದು ಅರ್ಜಿಯಲ್ಲಿಯೇ ಬರೆದು, ಅದಕ್ಕೊಂದು ಪ್ರಮಾಣಪತ್ರ ಲಗತ್ತಿಸಿದರೆ ಮುಂದೆ ಬ್ಯಾಂಕಿನವರು ಆದೇಶವನ್ನು ತಿರುಗಿಸಿ ಕಳುಹಿಸುವುದು ತಪ್ಪುತ್ತದೆ.

ವಾರಸುದಾರರ ಪಟ್ಟಿಯಲ್ಲಿ ಯಾರನ್ನೂ ಬಿಡಬೇಡಿ. ಉಯಿಲು ಬರೆಯದೆ ತೀರಿಕೊಂಡ ಹಿಂದೂ ಗಂಡಸಿನ ಸ್ವಂತ ಆಸ್ತಿಯಲ್ಲಿ ಹೆಂಡತಿ ಮಕ್ಕಳಂತೆ ಅವರ ತಾಯಿಗೂ ಸಮಪಾಲು ಇದೆ. ಮಗುವಿನ ತಾಯಿಯ ಕಡೆಯವರು ಅರ್ಜಿ ಹಾಕುವಾಗ ಈ ಅಜ್ಜಿಯ ಹೆಸರು ‘ಮರೆತುಹೋಗುವುದು’ ಉಂಟು. ಅಲ್ಲಿಂದಲೇ ವ್ಯಾಜ್ಯ ಆರಂಭವಾಗುತ್ತದೆ.

ನಾಲ್ಕನೆಯ ಹೆಜ್ಜೆ: ಅರ್ಜಿ

ಅರ್ಜಿಯಲ್ಲಿ ಏನೇನು ಇರಬೇಕು ಎಂದು 1890ರ ಕಾಯ್ದೆಯ 10ನೇ ಕಲಮಿನಲ್ಲಿ ಪಟ್ಟಿಯೇ ಇದೆ: ಮಗುವಿನ ಹೆಸರು, ಲಿಂಗ, ಧರ್ಮ, ಜನ್ಮದಿನಾಂಕ, ವಾಸಸ್ಥಳ; ಆಸ್ತಿಯ ಸ್ವರೂಪ, ಅದು ಇರುವ ಸ್ಥಳ, ಅಂದಾಜು ಬೆಲೆ; ಮಗು ಅಥವಾ ಆಸ್ತಿ ಸದ್ಯ ಯಾರ ಬಳಿಯಿದೆ; ಹತ್ತಿರದ ಸಂಬಂಧಿಕರು ಯಾರು, ಎಲ್ಲಿದ್ದಾರೆ; ಈ ಮೊದಲು ಯಾರಾದರೂ ಪಾಲಕರಾಗಿ ನೇಮಕಗೊಂಡಿದ್ದಾರೆಯೇ, ಅರ್ಜಿ ಹಾಕಲಾಗಿತ್ತೇ; ನೇಮಕ ಏಕೆ ಬೇಕು. ಇದರ ಜೊತೆ ಪಾಲಕರಾಗಬೇಕಾದವರು ತಮಗೆ ಒಪ್ಪಿಗೆಯಿದೆ ಎಂದು ಸಹಿ ಮಾಡಿ, ಕನಿಷ್ಠ ಇಬ್ಬರು ಸಾಕ್ಷಿಗಳಿಂದ ದೃಢೀಕರಿಸಿದ ಘೋಷಣೆ ಇರಬೇಕು. ಒಪ್ಪದವರ ಮೇಲೆ ಪಾಲಕತ್ವವನ್ನು ನ್ಯಾಯಾಲಯ ಹೊರಿಸುವುದಿಲ್ಲ.

ವಕೀಲರ ಖರ್ಚಿನ ಚಿಂತೆಯಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯಂತೆ ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿನ ಹಕ್ಕಿದೆ. 15100ಕ್ಕೆ ಕರೆ ಮಾಡಿಯೂ ವಿಚಾರಿಸಬಹುದು.

ಐದನೆಯ ಹೆಜ್ಜೆ: ನೋಟಿಸು, ವಿಚಾರಣೆ, ಮಗುವಿನ ಮಾತು

ಅರ್ಜಿ ದಾಖಲಾದ ಮೇಲೆ ಹೆತ್ತವರಲ್ಲಿ ಬದುಕಿರುವವರಿಗೆ, ಮಗುವನ್ನು ಇಟ್ಟುಕೊಂಡಿರುವವರಿಗೆ, ನ್ಯಾಯಾಲಯಕ್ಕೆ ಅಗತ್ಯವೆನಿಸಿದ ಬಂಧುಗಳಿಗೆ ನೋಟಿಸು ಹೋಗುತ್ತದೆ. ನೋಟಿಸಿನ ಪ್ರತಿಯನ್ನು ನ್ಯಾಯಾಲಯದ ಕಟ್ಟಡದಲ್ಲಿಯೂ ಮಗು ವಾಸವಿರುವ ಮನೆಯಲ್ಲಿಯೂ ಎದ್ದುಕಾಣುವ ಜಾಗದಲ್ಲಿ ಅಂಟಿಸಬೇಕೆಂದು ಕಾಯ್ದೆ ಹೇಳುತ್ತದೆ. ನ್ಯಾಯಾಲಯದ ಅಮೀನರು ಬಂದು ಮನೆಯ ಗೋಡೆಗೆ ಕಾಗದ ಅಂಟಿಸಿ ಹೋದರೆ ನೆರೆಹೊರೆಯವರು ಜಪ್ತಿ ಬಂತೆಂದು ಮಾತನಾಡಿಕೊಳ್ಳಬಹುದು, ಅದಕ್ಕೆ ಗಾಬರಿಯಾಗಬೇಕಿಲ್ಲ. ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡುವಂತೆಯೂ ನ್ಯಾಯಾಲಯ ಹೇಳಬಹುದು.

ವಿಚಾರಣೆಯಲ್ಲಿ ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು. ಮಗುವಿನ ವಯಸ್ಸು, ಲಿಂಗ, ಧರ್ಮ, ಪಾಲಕರಾಗುವವರ ನಡತೆ ಮತ್ತು ಸಾಮರ್ಥ್ಯ, ಸಂಬಂಧದ ಹತ್ತಿರ, ತೀರಿಕೊಂಡ ಹೆತ್ತವರ ಇಚ್ಛೆ, ಮಗುವಿನ ಆಸ್ತಿಯ ಜೊತೆ ಅರ್ಜಿದಾರರಿಗೆ ಹಿಂದೆ ಇದ್ದ ವ್ಯವಹಾರ, ಇವನ್ನೆಲ್ಲ ನ್ಯಾಯಾಲಯ ತೂಗಿನೋಡುತ್ತದೆ. ಕೊನೆಯದನ್ನು ಅರ್ಜಿದಾರರು ಹಗುರವಾಗಿ ತೆಗೆದುಕೊಳ್ಳಬಾರದು. ತೀರಿಕೊಂಡವರಿಂದ ನೀವು ಸಾಲ ಪಡೆದಿದ್ದರೆ, ಅವರ ಜಾಗಕ್ಕೆ ನಿಮ್ಮದೂ ಒಂದು ಹಕ್ಕಿನ ದಾವೆಯಿದ್ದರೆ, ಅದನ್ನು ನೀವೇ ಮೊದಲು ತಿಳಿಸಿಬಿಡಿ. ನ್ಯಾಯಾಲಯ ಬಯಸಿದರೆ ಜಿಲ್ಲಾಧಿಕಾರಿಯಿಂದ ವರದಿ ತರಿಸಿಕೊಳ್ಳಬಹುದು. ಕುಟುಂಬ ನ್ಯಾಯಾಲಯವಾದರೆ ಆಪ್ತಸಮಾಲೋಚಕರ, ಸಮಾಜ ಕಾರ್ಯಕರ್ತರ ನೆರವನ್ನೂ ಪಡೆಯಬಹುದು.

ತಿಳಿವಳಿಕೆಯಿಂದ ಆಯ್ಕೆ ಹೇಳಬಲ್ಲಷ್ಟು ದೊಡ್ಡದಾಗಿದ್ದರೆ ಮಗುವಿನ ಇಷ್ಟವನ್ನೂ ನ್ಯಾಯಾಲಯ ಕೇಳಬಹುದು. ಇದಕ್ಕೆ ಕಾಯ್ದೆ ಇಂತಿಷ್ಟು ವಯಸ್ಸು ಎಂದು ಗೆರೆ ಎಳೆದಿಲ್ಲ. ನ್ಯಾಯಾಧೀಶರು ಹೆಚ್ಚಾಗಿ ತಮ್ಮ ಕೊಠಡಿಯಲ್ಲಿ, ದೊಡ್ಡವರನ್ನು ಹೊರಗೆ ಕೂರಿಸಿ ಮಗುವಿನೊಡನೆ ಮಾತನಾಡುತ್ತಾರೆ: ಯಾವ ತರಗತಿ, ಬೆಳಿಗ್ಗೆ ಶಾಲೆಗೆ ಕಳುಹಿಸುವವರು ಯಾರು, ಜ್ವರ ಬಂದಾಗ ಪಕ್ಕದಲ್ಲಿ ಮಲಗುವವರು ಯಾರು. ‘ಮಾಮಿಯ ಜೊತೆಗೇ ಇರುತ್ತೇನೆ ಎಂದು ಹೇಳು’ ಎಂದು ಬಾಯಿಪಾಠ ಮಾಡಿಸಿ ಕಳುಹಿಸಿದ ಮಗು ಮೂರನೆಯ ಪ್ರಶ್ನೆಗೇ ತಬ್ಬಿಬ್ಬಾಗುತ್ತದೆ, ಆ ತಬ್ಬಿಬ್ಬು ನ್ಯಾಯಾಧೀಶರಿಗೆ ಬಹಳಷ್ಟನ್ನು ಹೇಳುತ್ತದೆ. ಮಗುವಿಗೆ ಏನನ್ನೂ ಕಲಿಸದೆ ಕರೆತನ್ನಿ.

ತಂದೆ ಬದುಕಿದ್ದೂ ತಾಯಿಯ ಕಡೆಯವರು ಮಗುವನ್ನು ಬಿಟ್ಟುಕೊಡದ ಪ್ರಕರಣಗಳು ಬೇರೆ. 2019ರ ತೇಜಸ್ವಿನಿ ಗೌಡ್ ಮೊಕದ್ದಮೆಯಲ್ಲಿ, ತಾಯಿ ತೀರಿಕೊಂಡ ಮಗುವನ್ನು ಆಕೆಯ ಸಹೋದರಿಯರು ಸಾಕುತ್ತಿದ್ದರೂ ಸಹಜ ಪಾಲಕನಾದ ತಂದೆ ಹೇಬಿಯಸ್ ಕಾರ್ಪಸ್ (ಅಕ್ರಮವಾಗಿ ಇಟ್ಟುಕೊಂಡವರನ್ನು ಹಾಜರುಪಡಿಸುವಂತೆ ಕೇಳುವ) ಅರ್ಜಿಯ ಮೂಲಕ ಮಗುವನ್ನು ಪಡೆಯಬಹುದೆಂದು ಸುಪ್ರೀಂ ಕೋರ್ಟ್ ಹೇಳಿತು. ಸಾಕಿದ ಬಂಧುಗಳಿಗೆ ಮಗುವನ್ನು ಭೇಟಿಯಾಗುವ ಅವಕಾಶವನ್ನು ಆಗ ಕೇಳಿ ಪಡೆಯಬಹುದು. ಹೊರದೇಶದಲ್ಲಿರುವ ಹೆತ್ತವರಿಗೆ ವಿಡಿಯೊ ಕರೆಯ ಮೂಲಕ ಮಗುವಿನೊಡನೆ ನಿಯಮಿತ ಸಂಪರ್ಕ ಇರಬೇಕೆಂದು 2020ರ ಯಶಿತಾ ಸಾಹು ಮೊಕದ್ದಮೆಯಲ್ಲಿ ನ್ಯಾಯಾಲಯ ಒತ್ತಿಹೇಳಿದೆ. ಗಲ್ಫ್‌ನಲ್ಲಿರುವ ಅಪ್ಪಂದಿರು ಇದನ್ನು ಅರ್ಜಿಯಲ್ಲಿ ಕೇಳಿಕೊಳ್ಳಬೇಕು.

ಆರನೆಯ ಹೆಜ್ಜೆ: ಆದೇಶ ಬಂದ ಮೇಲೆ

ಆದೇಶ ಕೈಗೆ ಬಂದಾಗ ಕೆಲಸ ಮುಗಿಯಿತೆಂದು ಭಾವಿಸುವುದು ಸಹಜ. ಆಸ್ತಿಯ ಪಾಲಕರಿಗಾದರೋ ಕೆಲಸ ಅಲ್ಲಿಂದ ಮೊದಲಾಗುತ್ತದೆ. ನ್ಯಾಯಾಲಯ ಕೇಳಿದರೆ ಮುಚ್ಚಳಿಕೆ ಬರೆದುಕೊಡಬೇಕು, ಹೇಳಿದ ಅವಧಿಯೊಳಗೆ ಮಗುವಿನ ಸ್ಥಿರಾಸ್ತಿ, ಹಣ, ಬರಬೇಕಾದ ಬಾಕಿ, ಕೊಡಬೇಕಾದ ಸಾಲಗಳ ವಿವರ ಸಲ್ಲಿಸಬೇಕು, ಆಗಾಗ ಲೆಕ್ಕ ಒಪ್ಪಿಸಬೇಕು. ಮಗುವಿನ ಹಣವನ್ನು ನಿಮ್ಮ ಖಾತೆಯಲ್ಲಿ ಬೆರೆಸದೆ ಪ್ರತ್ಯೇಕ ಖಾತೆಯಲ್ಲಿಡಿ, ಶಾಲೆಯ ಶುಲ್ಕದಿಂದ ಹಿಡಿದು ಅಡಿಕೆ ತೋಟಕ್ಕೆ ಮದ್ದು ಬಿಟ್ಟ ಕೂಲಿಯವರೆಗೆ ರಸೀದಿಗಳನ್ನು ಇಟ್ಟುಕೊಳ್ಳಿ. ನಿಮ್ಮ ಶ್ರಮಕ್ಕೆ ಸಂಭಾವನೆ ಬೇಕಿದ್ದರೆ ನ್ಯಾಯಾಲಯ ಗೊತ್ತುಮಾಡಿದಷ್ಟನ್ನೇ ಪಡೆಯಬೇಕು. ಯಾವುದಾದರೂ ವಿಷಯದಲ್ಲಿ ದಿಕ್ಕು ತೋಚದಿದ್ದರೆ 1890ರ ಕಾಯ್ದೆಯ 33ನೇ ಕಲಮಿನಡಿ ನ್ಯಾಯಾಲಯದ ಸಲಹೆಯನ್ನೇ ಕೇಳಬಹುದು. ಈ ಅವಕಾಶವನ್ನು ಬಳಸಿಕೊಳ್ಳುವವರು ಕ‌ಡಿಮೆ, ಬಳಸಿಕೊಂಡವರಿಗೆ ಮುಂದೆ ಅದೇ ರಕ್ಷಣೆ.

ನ್ಯಾಯಾಲಯ ನೇಮಿಸಿದ ಪಾಲಕರು ಮಗುವನ್ನು ಆ ನ್ಯಾಯಾಲಯದ ವ್ಯಾಪ್ತಿಯಿಂದ ಹೊರಗೆ ಕರೆದೊಯ್ಯಲು, ಕಾಯ್ದೆ ಅನುಮತಿಸಿದ ಉದ್ದೇಶಗಳನ್ನು ಬಿಟ್ಟರೆ, ಅನುಮತಿ ಪಡೆಯಬೇಕು. ಮಗುವನ್ನು ಬೆಂಗಳೂರಿಗೋ ಬಹರೈನಿಗೋ ಕರೆದೊಯ್ದು ನೆಲೆಸುವ ಯೋಚನೆಯಿದ್ದವರು ಇದನ್ನು ಮರೆಯಬಾರದು.

ಮಗುವಿನ ಜಾಗ ಮಾರುವ ಮಾತು

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಬಂಟ್ವಾಳದ ಕಡೆ ಹಿಂದೂ ಕುಟುಂಬವೊಂದರ 60 ಸೆಂಟ್ಸ್ ವರ್ಗ (ಖಾಸಗಿ ಪಟ್ಟಾ) ಜಾಗ, ಪೌತಿ ಖಾತೆಯಾಗಿ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಗಿ) ಪಹಣಿಯಲ್ಲಿ ವಿಧವೆ ತಾಯಿ ಮತ್ತು ಇಬ್ಬರು ಮಕ್ಕಳ ಹೆಸರು ಬಂದಿದೆ, ಮಕ್ಕಳ ಹೆಸರಿನ ಮುಂದೆ ಮೈನರ್ ಗಾರ್ಡಿಯನ್ ತಾಯಿ ಎಂದಿದೆ. ಬ್ಯಾಂಕಿನ ಸಾಲ ತೀರಿಸಲು ಜಾಗ ಮಾರಬೇಕು. ಪಹಣಿಯಲ್ಲಿ ಗಾರ್ಡಿಯನ್ ಎಂದು ಬರೆದಿದೆಯಲ್ಲ, ತಾಯಿಯ ಸಹಿ ಸಾಕು ಎಂದು ದಲ್ಲಾಳಿ ಧೈರ್ಯ ಹೇಳುತ್ತಾನೆ. ಅದು ಸಾಕಾಗುವುದಿಲ್ಲ. ತಾಯಿ ತನ್ನ ಪಾಲನ್ನು ಮಾರಬಹುದು. ಮಕ್ಕಳ ಪಾಲನ್ನು ಮಾರಲು, ಅಡಮಾನ ಇಡಲು, ದಾನ ಕೊಡಲು, ಐದು ವರ್ಷಕ್ಕಿಂತ ಹೆಚ್ಚಿನ ಅಥವಾ ಮಗುವಿಗೆ 18 ತುಂಬಿ ಒಂದು ವರ್ಷ ಮೀರಿದ ಅವಧಿಗೆ ಗೇಣಿಗೆ ಕೊಡಲು 1956ರ ಕಾಯ್ದೆಯ 8ನೇ ಕಲಮಿನಂತೆ ನ್ಯಾಯಾಲಯದ ಪೂರ್ವಾನುಮತಿ ಬೇಕು. ಅರ್ಜಿ ಹಾಕಬೇಕಾದದ್ದು ಜಾಗವಿರುವ ಊರಿನ ಮೇಲೆ ಅಧಿಕಾರವಿರುವ ನ್ಯಾಯಾಲಯದಲ್ಲಿ. ತಾಯಿ ಮುಂಬಯಿಯಲ್ಲಿ ನೆಲೆಸಿದ್ದರೂ ಅಷ್ಟೇ. ಅನಿವಾರ್ಯ ಅಗತ್ಯ ಅಥವಾ ಮಗುವಿಗೆ ಸ್ಪಷ್ಟವಾದ ಲಾಭ, ಇವೆರಡರಲ್ಲಿ ಒಂದನ್ನು ತೋರಿಸದೆ ಅನುಮತಿ ಸಿಗುವುದಿಲ್ಲ. ಸಾಲದ ಪತ್ರ, ಮಾರುಕಟ್ಟೆ ಬೆಲೆಯ ಆಧಾರ, ಮಕ್ಕಳ ಪಾಲಿನ ಹಣವನ್ನು ಅವರ ಹೆಸರಿನಲ್ಲಿ ಠೇವಣಿ ಇಡುವ ಮಾತು, ಇವು ಅರ್ಜಿಯಲ್ಲಿದ್ದರೆ ಕೆಲಸ ಸುಗಮ.

ಅನುಮತಿಯಿಲ್ಲದ ಮಾರಾಟ ಆ ದಿನಕ್ಕೆ ನೋಂದಣಿಯಾಗಿಬಿಡಬಹುದು. ಮಗು ದೊಡ್ಡದಾದ ಮೇಲೆ ಅದನ್ನು ರದ್ದುಪಡಿಸಬಹುದು, ಅದಕ್ಕೆ 18 ತುಂಬಿದ ದಿನದಿಂದ ಮೂರು ವರ್ಷಗಳ ಅವಧಿಯಿದೆ. ದಾವೆ ಹೂಡದೆ, ಆ ಜಾಗವನ್ನು ತಾನೇ ಇನ್ನೊಬ್ಬರಿಗೆ ಮಾರುವಂಥ ನಡೆಯಿಂದಲೂ ಹಿಂದಿನ ಮಾರಾಟವನ್ನು ನಿರಾಕರಿಸಬಹುದು ಎಂದು ದಾವಣಗೆರೆಯ ಶಾಮನೂರಿನ ನಿವೇಶನಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಜಾಗ ಕೊಳ್ಳುವವರೂ ಇದನ್ನು ಓದಿಕೊಂಡರೆ ಒಳ್ಳೆಯದು.

ಮುಂಚಿತವಾಗಿ ಮಾಡಿಡಬಹುದಾದದ್ದು

ತಂದೆಯೂ ತಾಯಿಯೂ ಉಯಿಲಿನಲ್ಲಿ ಮಕ್ಕಳಿಗೆ ಪಾಲಕರನ್ನು ಹೆಸರಿಸಬಹುದು. ತಂದೆ ಹೆಸರಿಸಿದ್ದರೂ ತಾಯಿ ಬದುಕಿರುವವರೆಗೆ ಅದು ಜಾರಿಗೆ ಬರುವುದಿಲ್ಲ. ತಾಯಿ ಬೇರೆಯವರನ್ನು ಹೆಸರಿಸದೆ ತೀರಿಕೊಂಡರೆ ತಂದೆಯ ಆಯ್ಕೆಗೆ ಜೀವ ಬರುತ್ತದೆ. ಹಡಗಿನಲ್ಲೋ ಗಲ್ಫ್‌ನಲ್ಲೋ ದುಡಿಯುವವರು ರಜೆಯಲ್ಲಿ ಊರಿಗೆ ಬಂದಾಗ ಮಾಡಿಮುಗಿಸಬಹುದಾದ ಕೆಲಸವಿದು. ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಅಥವಾ ಬಹುವಿಧ ಅಂಗವೈಕಲ್ಯವಿರುವ ಮಕ್ಕಳಿಗೆ 18 ತುಂಬಿದ ಮೇಲೂ ಪಾಲಕರು ಬೇಕಾಗಬಹುದು. ಅದಕ್ಕೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಯವರು ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಬೇಕು.

ಹದಿನೆಂಟು ತುಂಬಿದಾಗ

ಮಗುವಿಗೆ 18 ತುಂಬಿದ ದಿನ ಪಾಲಕತ್ವ ಕೊನೆಗೊಳ್ಳುತ್ತದೆ. ನ್ಯಾಯಾಲಯದ ನೇಮಕವಿದ್ದರೆ 21ರವರೆಗೆ ಎಂಬ ಹಳೆಯ ನಿಯಮ 1999ರ ತಿದ್ದುಪಡಿಯಿಂದ ಹೋಗಿದೆ. ನಡುವೆ ಪಾಲಕರಿಗೆ ವಯಸ್ಸಾಗಿ ಹೊಣೆ ಹೊರಲಾರದ ಸ್ಥಿತಿ ಬಂದರೆ ಬಿಡುಗಡೆ ಕೇಳಬಹುದು, ದುರುಪಯೋಗ ಕಂಡುಬಂದರೆ ನ್ಯಾಯಾಲಯ ಅವರನ್ನು ತೆಗೆದುಹಾಕಬಹುದು. ಅವಧಿ ಮುಗಿದಾಗ ತಮ್ಮ ಬಳಿಯಿರುವ ಆಸ್ತಿಯನ್ನೂ ಲೆಕ್ಕದ ಪುಸ್ತಕಗಳನ್ನೂ ಒಪ್ಪಿಸುವಂತೆ ನ್ಯಾಯಾಲಯ ಪಾಲಕರಿಗೆ ಹೇಳಬಹುದು. ಒಪ್ಪಿಸಿದ ಮೇಲೆ, ಆಮೇಲೆ ಬಯಲಾಗುವ ವಂಚನೆಯನ್ನು ಬಿಟ್ಟು ಉಳಿದ ಹೊಣೆಗಳಿಂದ ಮುಕ್ತರಾದರೆಂದು ಘೋಷಿಸುವ ಅವಕಾಶ 1890ರ ಕಾಯ್ದೆಯ 41ನೇ ಕಲಮಿನಲ್ಲಿದೆ. ಯುವಕ ಅಥವಾ ಯುವತಿಯಿಂದ ಸಹಿ ಮಾಡಿದ ರಸೀದಿ ಪಡೆದು, ಅದರೊಡನೆ ಈ ಘೋಷಣೆಗೆ ಅರ್ಜಿ ಸಲ್ಲಿಸಿ, ಆದೇಶದ ದೃಢೀಕೃತ ಪ್ರತಿಯನ್ನು ನೇಮಕದ ಆದೇಶದ ಜೊತೆಗೇ ಇಟ್ಟುಕೊಳ್ಳಿ.